ರಾತ್ರಿ ಎರಡಕ್ಕೆ ಬಾಸ್ಕೆಟ್ ಎಲ್ಲಿರುತ್ತದೆ?

ನಮ್ಮ ಲ್ಯಾಬ್‌ಗೆ ಟಿಶ್ಯೂ ಪ್ರೊಸೆಸರ್ ಬಂದು ಇವತ್ತಿಗೆ ಹನ್ನೊಂದು ದಿನ. ಅದನ್ನು ಆರಿಸುವುದಕ್ಕೆ ಹಿಡಿದದ್ದು ಎಂಟು ತಿಂಗಳು. ಜಮಖಂಡಿಯಲ್ಲಿ ಗೆಳೆಯನೊಬ್ಬ ಹೊಸದಾಗಿ ಹಿಸ್ಟೊಪೆಥಾಲಜಿ, ಅಂದರೆ ದೇಹದ ಚೂರುಗಳನ್ನು ಸ್ಲೈಡ್ ಮಾಡಿ ರೋಗ ಪತ್ತೆ ಹಚ್ಚುವ ವಿಭಾಗ, ಶುರು ಮಾಡುವವನಿದ್ದಾನೆ. "ಯಾವ್ದು ತಗೊಂಡ್ಯೋ, ಎಷ್ಟಾತು, ನನಗೂ ಅದನ್ನ ಹೇಳಿಬಿಡು, ಸುಮ್ನ ಆರ್ಡರ್ ಹಾಕ್ತೀನಿ" ಅಂತ ದಿನಾ ಫೋನು. ನಾಲ್ಕು ಸಲ ಹೇಳಿದೆ, ನಾಲ್ಕೂ ಸಲ ಅರ್ಧಕ್ಕೇ ಯಾರೋ ಸ್ಯಾಂಪಲ್ ಹಿಡಿದುಕೊಂಡು ಬಂದರು. ಅದಕ್ಕೇ ಬರೆದೇ ಬಿಡೋಣ ಅಂತ ಕೂತೆ.

ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ ಹದಿನೇಳು ವರ್ಷದಿಂದ ಮೈಕ್ರೋಟೋಮ್ (ಚೂರನ್ನು ತೆಳ್ಳಗೆ ಕತ್ತರಿಸುವ ಯಂತ್ರ) ತಿರುಗಿಸುತ್ತಿರುವ ಟೆಕ್ನಿಶಿಯನ್. ರಿಪೋರ್ಟಿಗೆ ಸಹಿ ಹಾಕುವವರ ಮುಂದೆ ಸ್ಲೈಡ್ ತಂದಿಡುವವನು.

ಈ ಮೆಷಿನ್ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯೋ ಗರ್ಭಕೋಶವೋ, ಕೊಳೆಯದಂತೆ ಗಟ್ಟಿ ಮಾಡುವ ಫಾರ್ಮಾಲಿನ್‌ನಲ್ಲಿ ಬರುತ್ತದೆ. ಬರಬೇಕು, ಅಂತ ಹೇಳಬೇಕು, ಯಾಕೆಂದರೆ ಸಲೈನ್‌ನಲ್ಲಿ ಹಾಕಿ ಕಳಿಸುವವರು ಇನ್ನೂ ಇದ್ದಾರೆ, ಸಣ್ಣ ಬಾಯಿಯ ಬಾಟ್ಲಿಯಲ್ಲಿ ಒತ್ತಿ ತುಂಬಿ ಕಳಿಸುವವರೂ ಇದ್ದಾರೆ. ಮೆತ್ತಗಿದ್ದಾಗ ಒಳಗೆ ಹೋದದ್ದು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಆಮೇಲೆ ಬಾಟ್ಲಿ ಒಡೆಯಬೇಕು. ಇರಲಿ. ಡಾಕ್ಟರ್ ಅದರಲ್ಲಿ ಬೇಕಾದ ಜಾಗಗಳನ್ನು ಮೂರು-ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಕೊಯ್ದು ಪ್ಲಾಸ್ಟಿಕ್ ಕ್ಯಾಸೆಟ್‌ಗೆ ಹಾಕುತ್ತಾರೆ. ಆ ಚೂರಿನ ತುಂಬ ನೀರು. ಅದನ್ನು ಮೇಣದಲ್ಲಿ ಕೂರಿಸಿದರೆ ಮಾತ್ರ ಮೂರು-ನಾಲ್ಕು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ತೆಳುವಾಗಿ ಕತ್ತರಿಸಲು ಬರುತ್ತದೆ. ನೀರಿಗೂ ಮೇಣಕ್ಕೂ ಕೂಡಿಬರುವುದಿಲ್ಲ. ಹಾಗಾಗಿ ಮೊದಲು ಆಲ್ಕೋಹಾಲ್‌ನಿಂದ ನೀರನ್ನು ಹೊರಗೆ ಹಾಕಬೇಕು. ಆಮೇಲೆ ಕ್ಸೈಲೀನ್ ಅನ್ನುವ ದ್ರಾವಕ ಬಂದು ಆಲ್ಕೋಹಾಲನ್ನು ಹೊರಗೆ ಹಾಕುತ್ತದೆ, ಕೊನೆಗೆ ಕರಗಿದ ಮೇಣ ಬಂದು ಕ್ಸೈಲೀನ್ ಜಾಗದಲ್ಲಿ ಕೂರುತ್ತದೆ. ಬಾಡಿಗೆಮನೆ ಖಾಲಿ ಮಾಡಿಸಿದ ಹಾಗೆ, ಒಬ್ಬರು ಹೋಗದೆ ಇನ್ನೊಬ್ಬರು ಒಳಗೆ ಬರಂಗಿಲ್ಲ. ಇದನ್ನೆಲ್ಲ ತಾನೇ ಮಾಡುವುದು ಈ ಮೆಷಿನ್. ನಮ್ಮದರಲ್ಲಿ ಕ್ಯಾಸೆಟ್‌ಗಳನ್ನೆಲ್ಲ ಒಂದು ಬಾಸ್ಕೆಟ್‌ಗೆ ತುಂಬಿ ಕೊಟ್ಟರೆ, ಅದನ್ನು ಒಂದು ಬೀಕರ್‌ನಿಂದ ಎತ್ತಿ ಇನ್ನೊಂದಕ್ಕೆ ಇಳಿಸುತ್ತಾ ಹೋಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. ಪ್ಯಾರಫಿನ್ ಮೇಣದಲ್ಲಿ ಕೂರಿಸುವುದನ್ನು ಎಡ್ವಿನ್ ಕ್ಲೆಬ್ಸ್ 1869ರಲ್ಲೇ ತೋರಿಸಿದ್ದ. ಫಾರ್ಮಾಲಿನ್ ಕಥೆ ಇನ್ನೂ ಮಜಾ ಇದೆ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಅದು ಕ್ರಿಮಿ ಕೊಲ್ಲುತ್ತದೋ ಇಲ್ಲವೋ ಅಂತ ನೋಡುತ್ತಿದ್ದಾಗ ತನ್ನ ಬೆರಳಿನ ಚರ್ಮವೇ ಗಟ್ಟಿಯಾದದ್ದು ಗಮನಕ್ಕೆ ಬಂತಂತೆ. ಗ್ಲೌಸ್ ಹರಿದ ದಿನ ನನ್ನ ಬೆರಳೂ ಹಾಗೇ ಆಗುತ್ತದೆ. ನನ್ನಿಂದ ಯಾವ ಶೋಧವೂ ಆಗಿಲ್ಲ.

ಈಗ ಗಡಿಯಾರ ನೋಡೋಣ. ನಮ್ಮ ಪ್ರೋಗ್ರಾಂ ಹೀಗಿದೆ: ಸಂಜೆ ಆರಕ್ಕೆ ಶುರು. ಮೊದಲ ಎರಡು ತಾಸು ಫಾರ್ಮಾಲಿನ್. ಎಂಟರಿಂದ ಆಲ್ಕೋಹಾಲ್, 70, 80, 95 ಪರ್ಸೆಂಟ್, ಆಮೇಲೆ ಮೂರು ಬೀಕರ್ ಅಬ್ಸಲ್ಯೂಟ್ (ನೀರು ಬೆರೆಸದ್ದು), ಒಂದೊಂದಕ್ಕೆ ಒಂದು ತಾಸು. ಅಲ್ಲಿಗೆ ರಾತ್ರಿ ಎರಡು. ಎರಡರಿಂದ ಐದರವರೆಗೆ ಮೂರು ಕ್ಸೈಲೀನ್. ಐದರಿಂದ ಎಂಟರವರೆಗೆ ಎರಡು ಮೇಣದ ಬಾತ್. ಬಾಸ್ಕೆಟ್ ನಿಲ್ಲುವ ಜಾಗ, ಅಂದರೆ ಸ್ಟೇಷನ್, ಒಟ್ಟು ಹನ್ನೆರಡು, ಹದಿನಾಲ್ಕು ತಾಸು. ಬೆಳಿಗ್ಗೆ ನಾವು ಚಹಾ ಕುಡಿದು ಬರುವಷ್ಟರಲ್ಲಿ ಸಿದ್ಧ.

ಅಂದರೆ ಮೆಷಿನ್ ಕೆಲಸ ಮಾಡುವ ಹೊತ್ತಿನಲ್ಲಿ ಲ್ಯಾಬ್‌ನಲ್ಲಿ ಒಬ್ಬರೂ ಇರುವುದಿಲ್ಲ. ಕೊಳ್ಳುವಾಗ ನಾವು ನೋಡುವುದು ಹಗಲಿನಲ್ಲಿ, ಎಸಿ ಶೋರೂಮ್‌ನಲ್ಲಿ, ಪಕ್ಕದಲ್ಲಿ ಇಂಜಿನಿಯರ್ ನಿಂತಿರುವಾಗ.

ಇದನ್ನು ನಾನು ಕಲಿತದ್ದು ಬಹಳ ವರ್ಷದ ಹಿಂದೆ, ಬೇರೊಂದು ಲ್ಯಾಬ್‌ನಲ್ಲಿ. ಮೇ ತಿಂಗಳು. ರಾತ್ರಿ ಗಾಳಿ-ಮಳೆ ಬಂದು ಕರೆಂಟ್ ಹೋಗಿತ್ತು. ನಾನು ಮನೆಯಲ್ಲಿ ಮಾಳಿಗೆ ಮೇಲೆ ಮಲಗಿದ್ದವನು ಚಾಪೆ ಸುತ್ತಿಕೊಂಡು ಕೆಳಗಿಳಿದೆ, ಅಷ್ಟೇ ನೆನಪು. ಲ್ಯಾಬ್ ತಲೆಗೆ ಬರಲೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಷಿನ್ನಿನ ಮುಚ್ಚಳ ಮೇಲಕ್ಕೆತ್ತಿ ನಿಂತಿದೆ. ಬಾಸ್ಕೆಟ್ ಕೊನೆಯ ಆಲ್ಕೋಹಾಲ್ ಬಿಟ್ಟು, ಕ್ಸೈಲೀನ್ ಮುಟ್ಟದೆ, ನಡುವೆ ಗಾಳಿಯಲ್ಲಿ ನೇತಾಡುತ್ತಿದೆ. ಒಂದು ಬೀಕರ್‌ನಿಂದ ಇನ್ನೊಂದಕ್ಕೆ ಹೋಗಲು ಅರ್ಧ-ಮುಕ್ಕಾಲು ನಿಮಿಷ ಸಾಕು, ಸರಿಯಾಗಿ ಆ ಅರ್ಧ ನಿಮಿಷದಲ್ಲೇ ಕರೆಂಟ್ ಹೋಗಿತ್ತು. ಕರೆಂಟ್ ಬಂದ ಮೇಲೂ ಅದು ಮುಂದಕ್ಕೆ ಹೋಗಿರಲಿಲ್ಲ, ಯಾರಾದರೂ ಬಂದು ಬಟನ್ ಒತ್ತಲಿ ಅಂತ ಕಾಯುತ್ತಿತ್ತು. ಕ್ಯಾಸೆಟ್ ಒಂದನ್ನು ತೆಗೆದು ನೋಡಿದೆ. ಒಳಗಿನ ಚೂರು ಒಣದ್ರಾಕ್ಷಿ ಆಗಿತ್ತು. ಉಗುರಿನಿಂದ ತಟ್ಟಿದರೆ ಟಕ್ ಅಂತು.

ಇಪ್ಪತ್ತೆರಡು ಕ್ಯಾಸೆಟ್. 70 ಭಾಗ ಸ್ಪಿರಿಟ್ಟಿಗೆ 30 ಭಾಗ ಗ್ಲಿಸರಿನ್ ಬೆರೆಸಿ ರಾತ್ರಿಯಿಡೀ ನೆನೆಹಾಕಿ, ಮತ್ತೆ ಮೊದಲಿನಿಂದ ಪ್ರೊಸೆಸ್ ಮಾಡಿದೆವು. ಸುಮಾರಾಗಿ ಬಂದವು. ಗರ್ಭಕೋಶ, ಪಿತ್ತಕೋಶದ್ದಕ್ಕೆ ಅಷ್ಟು ಚಿಂತೆ ಇರಲಿಲ್ಲ, ಉಳಿದ ಭಾಗ ಜಾರ್‌ನಲ್ಲಿತ್ತು, ಮತ್ತೆ ಕೊಯ್ದುಕೊಂಡೆವು. ಒಂದು ಮಾತ್ರ ಬಾಯಿ ಒಳಗಿನ ಕೆನ್ನೆಯ ಬಯಾಪ್ಸಿ. ಜೋಳದ ಕಾಳಿನಷ್ಟು, ಬಂದದ್ದೇ ಅಷ್ಟು, ಹಾಕಿದ್ದೇ ಅಷ್ಟು. ಅದರ ಸ್ಲೈಡ್ ನೋಡಿ ಡಾಕ್ಟರ್ ತಲೆ ಅಲ್ಲಾಡಿಸಿದರು. ಇಂಡಿ ಕಡೆಯ ಅಜ್ಜ. ಎರಡನೇ ಸಲ ಬಾಯಿ ತೆರೆದು ಕೂರಬೇಕಾಯಿತು. ಮಗ ನನ್ನನ್ನು ಕೇಳಿದ: "ಯಾಕ್ರಿ ಸರ್, ಮೊದ್ಲಿಂದು ಏನಾತ್ರಿ?" ಮೆಷಿನ್ ಕೆಟ್ಟಿತ್ತು ಅಂದೆ. ಮೆಷಿನ್ ಕೆಟ್ಟಿರಲಿಲ್ಲ ಅಲ್ವಾ, ಅದನ್ನು ಮಾಡಿದ್ದೇ ಹಾಗೆ.

ಈಗಿನ ಲ್ಯಾಬ್‌ನಲ್ಲಿ ಇಷ್ಟು ದಿನ ಕೈಯಿಂದಲೇ ಪ್ರೊಸೆಸಿಂಗ್ ನಡೆದಿತ್ತು. ಸಂಜೆ ಒಬ್ಬರು, ಬೆಳಗಿನ ಜಾವ ಒಬ್ಬರು ಬಂದು ಜಾರ್ ಬದಲಿಸುವುದು. ನಮ್ಮ ಡಾಕ್ಟರ್ ಮೇಡಂ ಒಂದು ದಿನ ಕರೆದು, "ಮೆಷಿನ್ ತಗೊಳ್ಳೋಣ, ರಾತ್ರಿ ಅದರ ಜೋಡಿ ಬಾಳೇವು ಮಾಡೋರು ನೀವ, ನೀವ ನೋಡಿ ಹೇಳ್ರಿ" ಅಂದರು. ಈ ಮಾತಿಗೆ ಅವರಿಗೆ ದೊಡ್ಡ ನಮಸ್ಕಾರ. ಎಷ್ಟೋ ಕಡೆ ಮೆಷಿನ್ ಬಂದು ಬಾಗಿಲಲ್ಲಿ ಇಳಿದ ಮೇಲೇ ಟೆಕ್ನಿಶಿಯನ್‌ಗೆ ಗೊತ್ತಾಗುವುದು.

ಮೊದಲು ಮಾಡಿದ ಕೆಲಸ, ರಿಜಿಸ್ಟರ್ ತೆಗೆದು ಮೂರು ತಿಂಗಳ ಕ್ಯಾಸೆಟ್ ಎಣಿಸಿದ್ದು. ಸ್ಯಾಂಪಲ್ ಎಣಿಸಬೇಡಿ, ಕ್ಯಾಸೆಟ್ ಎಣಿಸಿ. ಒಂದು ಅಪೆಂಡಿಕ್ಸ್‌ಗೆ ಎರಡು-ಮೂರು ಸಾಕು, ಒಂದು ಸ್ತನದ ಕ್ಯಾನ್ಸರ್ ಆಪರೇಷನ್ ಬಂದರೆ ಕಂಕುಳ ಗಂಟುಗಳೆಲ್ಲ ಸೇರಿ ಇಪ್ಪತ್ತು ದಾಟುತ್ತದೆ. ನಮ್ಮದು ದಿನಕ್ಕೆ ಇಪ್ಪತ್ತೈದು-ಮೂವತ್ತು, ಸೋಮವಾರ ನಲವತ್ತೈದರ ಮೇಲೆ. ಇಲ್ಲಿ ಗುಟ್ಕಾ-ತಂಬಾಕಿನ ದಯದಿಂದ ಬಾಯಿ ಬಯಾಪ್ಸಿಗೆ ಬರವಿಲ್ಲ, ಅವು ಚಿಕ್ಕವು, ಆದರೆ ಕಳಕೊಂಡರೆ ಇನ್ನೊಂದಿಲ್ಲ. ಈ ಲೆಕ್ಕ ಕೈಯಲ್ಲಿದ್ದರೆ ಮಾರಲು ಬಂದವರ ಅರ್ಧ ಮಾತು ತಾನಾಗೇ ಉದುರಿಹೋಗುತ್ತದೆ. ಮುನ್ನೂರು ಕ್ಯಾಸೆಟ್ ಹಿಡಿಯುವ ಮೆಷಿನ್ ನಮಗೆ ಯಾಕೆ?

ಮೆಷಿನ್‌ಗಳಲ್ಲಿ ದೊಡ್ಡದಾಗಿ ಎರಡು ಜಾತಿ. ಒಂದರಲ್ಲಿ ಬಾಸ್ಕೆಟ್ ತಿರುಗುತ್ತದೆ, ರಸಾಯನಗಳು ತಮ್ಮ ತಮ್ಮ ಬೀಕರ್‌ನಲ್ಲಿ ಇದ್ದಲ್ಲೇ ಇರುತ್ತವೆ. ಕ್ಯಾರೊಸೆಲ್ ಅನ್ನುತ್ತಾರೆ, ಲೈಕಾದ ಟಿಪಿ 1020, ಥರ್ಮೋದ ಎಸ್‌ಟಿಪಿ 120 ಈ ಜಾತಿಯವು, ನಮ್ಮ ದೇಶದಲ್ಲೇ ಮಾಡುವವೂ ಹೆಚ್ಚಾಗಿ ಇದೇ ಜಾತಿ. ಇನ್ನೊಂದರಲ್ಲಿ ಕ್ಯಾಸೆಟ್‌ಗಳು ಒಂದು ಮುಚ್ಚಿದ ಡಬ್ಬಿಯಲ್ಲಿ ಕದಲದೆ ಕೂತಿರುತ್ತವೆ, ರಸಾಯನಗಳೇ ಪೈಪಿನಲ್ಲಿ ಒಳಗೆ ಬಂದು ಹೋಗುತ್ತವೆ. ಸಕುರಾದ ವಿಐಪಿ, ಲೈಕಾದ ಎಎಸ್‌ಪಿ 300 ಅಂಥವು. ವ್ಯಾಕ್ಯೂಮ್ ಇರುತ್ತದೆ, ಹೊಗೆ ಕಾರ್ಬನ್ ಫಿಲ್ಟರ್‌ನಲ್ಲಿ ಹೋಗುತ್ತದೆ, ಚೂರು ಗಾಳಿಗೆ ಒಣಗುವ ಮಾತೇ ಇಲ್ಲ. ಬೆಲೆ ಮಾತ್ರ, ಇದೊಂದರ ದುಡ್ಡಿಗೆ ಕ್ಯಾರೊಸೆಲ್ ಮೂರು-ನಾಲ್ಕು ಬರುತ್ತವೆ. ಮೈಕ್ರೋವೇವ್ ಜಾತಿಯೂ ಇದೆ, ಕೆಲವೇ ತಾಸಿನಲ್ಲಿ ಮುಗಿಸುತ್ತದೆ, ಆದರೆ ಚೂರುಗಳೆಲ್ಲ ತೆಳ್ಳಗೆ ಒಂದೇ ದಪ್ಪ ಇರಬೇಕು. ನಮ್ಮ ಸೋಮವಾರದ ಗಡಿಬಿಡಿಯಲ್ಲಿ ಅದು ಆಗುವ ಮಾತಲ್ಲ. ಬಿಟ್ಟೆವು.

ಒಣಗುವ ಮಾತೇ ಇಲ್ಲ ಅಂದ ಕೂಡಲೇ ನನ್ನ ಮನಸ್ಸು ಮುಚ್ಚಿದ ಡಬ್ಬಿಯ ಕಡೆ ಹೋಗಿತ್ತು. ಸುಳ್ಳು ಯಾಕೆ ಹೇಳಲಿ, ಮೇಡಂ ಮುಂದೆ ಅದನ್ನೇ ಹೊಗಳಿಯೂ ಬಂದಿದ್ದೆ. ಆಮೇಲೆ ಬಾಗಲಕೋಟೆಯ ನವನಗರದಲ್ಲಿ ಅಂಥ ಮೆಷಿನ್ ನಡೆಸುವ ಗೆಳೆಯನ ಹತ್ತಿರ ಒಂದು ದಿನ ಕೂತು ಬಂದೆ. ಅಣ್ಣಾವ್ರೇ ಅಂತ ಕರೆಯುತ್ತೇನೆ, ನನಗಿಂತ ಹಿರಿಯರು. ಅವರು ಮೊದಲು ಮೆಷಿನ್ ತೋರಿಸಲಿಲ್ಲ, ಊಟ ಮಾಡಿಸಿದರು. ಆಮೇಲೆ ಕರೆದುಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದರು. ಪೈಪು, ಪೈಪಿನ ನಡುವೆ ಒಂದು ತಿರುಗುವ ವಾಲ್ವ್.

"ಮೆಷಿನ್ ಚೊಲೊ ಐತಿ, ಸುಳ್ಳ ಹೇಳಂಗಿಲ್ಲ. ಆದ್ರ ಈ ವಾಲ್ವಿನಾಗ ಮೇಣ ಹೆಪ್ಪುಗಟ್ಟಿತು ಅಂದ್ರ ಮುಗೀತು. ಹ್ವಾದ ವರ್ಷ ಹಂಗ ಆಗಿ ಹನ್ನೊಂದ ದಿನ ಕೈಲೇ ಮಾಡೀವಿ."

ಪ್ರತಿ ಸಲ ಕೆಲಸ ಮುಗಿದ ಮೇಲೆ ಅದನ್ನು ಕ್ಸೈಲೀನ್ ಮತ್ತು ಆಲ್ಕೋಹಾಲ್ ಹರಿಸಿ ತೊಳೆಯಬೇಕು. ಒಂದು ದಿನ ಬೇಜಾರಾಗಿ ಬಿಟ್ಟರೆ ಸಾಲ ಬೆಳೆದ ಹಾಗೆ ಬೆಳೆಯುತ್ತದೆ. ಬಾಟ್ಲಿಗಳೂ ದೊಡ್ಡವು, ಒಂದೊಂದಕ್ಕೆ ಮೂರು-ನಾಲ್ಕು ಲೀಟರ್. ಮೂವತ್ತು ಕ್ಯಾಸೆಟ್‌ಗೋಸ್ಕರ ಅಷ್ಟು ಕ್ಸೈಲೀನ್ ಬದಲಿಸುತ್ತಾ ಇರುವುದು ನಮಗೆ ಏರುವ ಬೆಟ್ಟವಲ್ಲ. ಕ್ಯಾರೊಸೆಲ್‌ನಲ್ಲಿ ಬೀಕರಿಗೆ ಎರಡು ಲೀಟರ್ ಒಳಗೇ ಮುಗಿಯುತ್ತದೆ. ದಿನಕ್ಕೆ ನೂರೈವತ್ತು-ಇನ್ನೂರು ಕ್ಯಾಸೆಟ್ ಇರುವ ಮೆಡಿಕಲ್ ಕಾಲೇಜಿನವರಿಗೆ ಲೆಕ್ಕ ಬೇರೆ, ಅವರು ಮುಚ್ಚಿದ್ದನ್ನೇ ತೆಗೆದುಕೊಳ್ಳಬೇಕು ಅಂತ ನಾನೂ ಹೇಳುತ್ತೇನೆ.

ವಾಪಸ್ ಬರುವಾಗ ಬಸ್ಸಿನಲ್ಲಿ, ಕೊಲ್ಹಾರ ಸೇತುವೆ ಮೇಲೆ ಹಿನ್ನೀರು ನೋಡುತ್ತಾ ಒಂದು ಹೊಳೆಯಿತು. ಅಣ್ಣಾವ್ರ ಮೆಷಿನ್ನಿಗೂ ರಾತ್ರಿ ಎರಡರ ತೊಂದರೆ ಇದ್ದೇ ಇದೆ, ರೂಪ ಬೇರೆ ಅಷ್ಟೇ. ನನ್ನದರಲ್ಲಿ ಚೂರು ಒಣಗಿತು, ಅವರದರಲ್ಲಿ ಮೇಣ ಹೆಪ್ಪುಗಟ್ಟಿತು. ಹಾಗಾದರೆ ಜಾತಿ ನೋಡಿ ಆರಿಸುವುದಕ್ಕಿಂತ, ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳೋಣ ಅಂತ ತೀರ್ಮಾನ ಮಾಡಿದೆ: ರಾತ್ರಿ ಎರಡಕ್ಕೆ ಕರೆಂಟ್ ಹೋದರೆ ಇದು ಏನು ಮಾಡುತ್ತದೆ?

ನಾಲ್ಕು ಕಂಪನಿಯವರು ಬಂದರು. ಮೊದಲಿನವನು ಟಚ್ ಸ್ಕ್ರೀನ್ ಎಷ್ಟು ಇಂಚು ಅಂತ ಶುರು ಮಾಡಿದ. ಪ್ರಶ್ನೆ ಕೇಳಿದೆ. "ಯುಪಿಎಸ್ ಹಾಕ್ಕೊಳ್ರಿ ಸರ್." ಸರಿಯಪ್ಪ, ಯುಪಿಎಸ್ ಕೈಕೊಟ್ಟರೆ? ಹೆಡ್ ಆಫೀಸಿಗೆ ಫೋನ್ ಹಚ್ಚಿದ. ಎರಡನೆಯವರು "ಬ್ಯಾಟರಿ ಬ್ಯಾಕಪ್ ಅದ" ಅಂದರು, ಬ್ರೋಶರ್‌ನಲ್ಲಿ ಬೆರಳಿಟ್ಟು ತೋರಿಸಿದರು. ಆ ಬ್ಯಾಟರಿ ಬಾಸ್ಕೆಟ್ ಇಳಿಸುತ್ತದೋ, ಬರೀ ಟೈಮರ್ ನೆನಪಿಟ್ಟುಕೊಳ್ಳುತ್ತದೋ ಅಂತ ಕೇಳಿದರೆ ಗೊತ್ತಿಲ್ಲ. ಈ ವ್ಯತ್ಯಾಸ ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲೇ ಮೋಸ ಹೋಗುವುದು. ಮೂರನೆಯವರು ಬಹಳ ಒಳ್ಳೆಯವರು, ಆದರೆ ಸರ್ವೀಸ್ ಇಂಜಿನಿಯರ್ ಇಡೀ ಉತ್ತರ ಕರ್ನಾಟಕಕ್ಕೆ ಇಲ್ಲ, ಬೆಂಗಳೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬರಬೇಕು. ಟಿಕೆಟ್ ಸಿಕ್ಕ ದಿನ ನಮ್ಮ ಮೆಷಿನ್ ರಿಪೇರಿ.

ನಾಲ್ಕನೆಯವನು ಸಣ್ಣ ಹುಡುಗ, ಸೊಲ್ಲಾಪುರದಿಂದ ಬೈಕಿನಲ್ಲೇ ಬಂದಿದ್ದ. ಪ್ರಶ್ನೆ ಕೇಳಿ ಒಂದು ನಿಮಿಷ ಸುಮ್ನೆ ಕೂತ. ಆಮೇಲೆ, "ಸರ್, ನಾ ಹೇಳಿದ್ರ ನೀವ್ ನಂಬಂಗಿಲ್ಲ. ಸೊಲ್ಲಾಪುರಕ್ಕ ಬರ್ರಿ, ನಡೆಯೋ ಮೆಷಿನ್ ಅದ, ನೀವ ಪ್ಲಗ್ ಕೀಳ್ರಿ" ಅಂದ.

ಹೋದೆ. ಬಾಸ್ಕೆಟ್ ಮೇಲೆದ್ದು ತಿರುಗುತ್ತಿರುವಾಗ ಸರಿಯಾಗಿ ಪ್ಲಗ್ ಕಿತ್ತೆ. ಪರದೆ ಕಪ್ಪಾಯಿತು. ಒಂದು, ಎರಡು, ಮೂರು ಸೆಕೆಂಡು. ಆಮೇಲೆ ಒಳಗಿನ ಬ್ಯಾಟರಿಯಲ್ಲಿ ಮೋಟರ್ ಗುಂಯ್ ಅಂತು, ಬಾಸ್ಕೆಟ್ ಮುಂದಿನ ಬೀಕರಿನ ಮೇಲೆ ಬಂದು ನಿಧಾನಕ್ಕೆ ಇಳಿದು ಕೂತಿತು. ನನಗೆ ಅಜ್ಜ ನೆನಪಾದ. ಹತ್ತು ನಿಮಿಷ ಬಿಟ್ಟು ಪ್ಲಗ್ ಹಾಕಿದರೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಲೆಕ್ಕ ಹಿಡಿದು, ಇಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಪರದೆ ಮೇಲೆ ಬರೆದು ತೋರಿಸಿತು. ಮೂರು ಸಲ ಕಿತ್ತೆ, ಮೂರು ಸಲವೂ ಹಾಗೇ.

ನಾನು ಜೇಬಿನಲ್ಲಿ ಗಾಜಿನ ಥರ್ಮಾಮೀಟರ್ ಇಟ್ಟುಕೊಂಡು ಹೋಗಿದ್ದೆ. ಅದನ್ನು ಮೇಣದ ಬಾತ್‌ಗೆ ಇಳಿಸಿದೆ. ಮೆಷಿನ್ 60 ಡಿಗ್ರಿ ಅಂತಿತ್ತು, ನನ್ನದು 61. ಸಾಕು. ಹಿಂದೆ ಒಂದು ಕಡೆ ಪರದೆ 60 ತೋರಿಸುತ್ತಾ ಒಳಗೆ 67 ಇದ್ದದ್ದನ್ನು ಕಂಡಿದ್ದೇನೆ. ಆ ಮೇಣದಲ್ಲಿ ಬೆಂದ ಎಂಡೋಸ್ಕೋಪಿ ಚೂರುಗಳು ಕತ್ತರಿಸುವಾಗ ಹಪ್ಪಳದ ಹಾಗೆ ಪುಡಿ ಆಗುತ್ತವೆ. ಮೇಣ ಕರಗುವ ಡಿಗ್ರಿಗಿಂತ ಎರಡು-ಮೂರು ಜಾಸ್ತಿ ಇದ್ದರೆ ಬೇಕಾದಷ್ಟಾಯಿತು.

ಯಾವ ಕಂಪನಿ ಅಂತ ಬರೆಯುವುದಿಲ್ಲ. ಜಮಖಂಡಿ ಗೆಳೆಯ ಬೈಯಲಿ. ಆ ಹುಡುಗ ಇರುವವರೆಗೆ ಇಲ್ಲಿ ಆ ಕಂಪನಿ ಚೆನ್ನ, ನಿಮ್ಮ ಊರಲ್ಲಿ ಬೇರೆ ಹುಡುಗ ಇರುತ್ತಾನೆ. ಕ್ಯಾರೊಸೆಲ್ ತೆಗೆದುಕೊಂಡೆವು, ನೂರು ಕ್ಯಾಸೆಟ್ಟಿನದು, ಇಷ್ಟು ಹೇಳಬಲ್ಲೆ. ಖರೀದಿ ಕಾಗದದಲ್ಲಿ ಎರಡು ಸಾಲು ಸೇರಿಸಿದೆವು: ದೂರು ಕೊಟ್ಟ ಎಷ್ಟು ತಾಸಿನೊಳಗೆ ಬರಬೇಕು ಅನ್ನುವುದು, ವಾರಂಟಿ ಮುಗಿದ ಮೇಲಿನ ವಾರ್ಷಿಕ ಕರಾರಿನಲ್ಲಿ ಬಿಡಿಭಾಗ ಸೇರಿದೆಯೋ ಇಲ್ಲವೋ ಅನ್ನುವುದು. ಬಿಡಿಭಾಗ ಇಲ್ಲದ ಕರಾರು ಅಂದರೆ ಡಾಕ್ಟರ್ ಬಂದು ನಾಡಿ ಹಿಡಿದು, ಔಷಧ ನೀವೇ ತಂದುಕೊಳ್ಳಿ ಅಂದ ಹಾಗೆ.

ಬ್ಯಾಟರಿ ಬಾಸ್ಕೆಟ್ ಇಳಿಸುತ್ತದೆ, ಮೇಣ ಕಾಯಿಸುವುದಿಲ್ಲ. ಅದಕ್ಕೆ ಯುಪಿಎಸ್ ಬೇಕೇ ಬೇಕು. ಮನೆಯ ಫ್ಯಾನಿಗೆ ಹಾಕುವ ಹಳೇ ಇನ್ವರ್ಟರ್ ತಂದು ಹಚ್ಚಬೇಡಿ, ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನ ಹಾಗೇ ನಯವಾಗಿ ಕೊಡುವಂಥದ್ದು) ಇರಲಿ, ಮೇಣದ ಬಾತ್ ಹೀಟರ್ ಸೇರಿಸಿ ನಾಲ್ಕು ತಾಸು ಎಳೆಯುವಷ್ಟು ಬ್ಯಾಟರಿ ಇರಲಿ. ಅದನ್ನು ಮೆಷಿನ್ ಪಕ್ಕದಲ್ಲಿ ಇಡಬೇಡಿ. ಕ್ಸೈಲೀನ್ ಆವಿಗೆ ಬೆಂಕಿ ಹಿಡಿಯಲು 25-30 ಡಿಗ್ರಿ ಇದ್ದರೂ ಸಾಕು, ಏಪ್ರಿಲ್‌ನಲ್ಲಿ ನಮ್ಮ ವಿಜಯಪುರ 40 ದಾಟುತ್ತದೆ, ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದಾಡುತ್ತದೆ. ಎಕ್ಸಾಸ್ಟ್ ಫ್ಯಾನನ್ನು ಬರೀ ಮಾಳಿಗೆ ಹತ್ತಿರ ಹಾಕಿದರೆ ಕೆಳಗಿನದು ಕೆಳಗೇ ಉಳಿಯುತ್ತದೆ, ನಾವು ಗೋಡೆಯ ಬುಡದಲ್ಲಿ ಇನ್ನೊಂದು ಹಾಕಿಸಿದೆವು. ಗೌಂಡಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ದಿನದ ಕೆಲಸ. "ಫ್ಯಾನ ಕೆಳಗ ಯಾರ್ ಹಾಕ್ತಾರ್ರಿ?" ಅಂತ ಅವನ ವಾದ. ಕ್ಯಾರೊಸೆಲ್ ಎಷ್ಟಂದರೂ ಬಾಯಿ ತೆರೆಯುವ ಮೆಷಿನ್. ಫಾರ್ಮಾಲಿನ್‌ನ ಫಾರ್ಮಾಲ್ಡಿಹೈಡನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿ ಎಷ್ಟೋ ವರ್ಷ ಆಯಿತು. ನಾವು ಇನ್ನೂ "ಕಣ್ಣು ಸ್ವಲ್ಪ ಉರಿತದ, ರೂಢಿ ಆಗ್ತದ" ಅಂತಲೇ ಇದ್ದೇವೆ.

ಆಲ್ಕೋಹಾಲ್ ಬಗ್ಗೆಯೂ ಒಂದು ಮಾತು. ಎಥನಾಲ್‌ಗೆ ಅಬಕಾರಿ ಪರ್ಮಿಟ್ ಓಡಾಟ ಇದೆ, ಹಾಗಾಗಿ ಸಣ್ಣ ಲ್ಯಾಬ್‌ಗಳು ಹೆಚ್ಚಾಗಿ ಐಸೊಪ್ರೊಪೈಲ್ ಬಳಸುತ್ತವೆ, ನಾವೂ ಅದನ್ನೇ. ಕೊನೆಯ ಬೀಕರಿನ ತಳದಲ್ಲಿ ನೀರು ತೆಗೆದ ಕಾಪರ್ ಸಲ್ಫೇಟ್ ಪುಡಿ ಹಾಕಿ ಮೇಲೆ ಫಿಲ್ಟರ್ ಪೇಪರ್ ಮುಚ್ಚುತ್ತೇನೆ. ಬೆಳ್ಳಗಿರುವ ಪುಡಿ ನೀರು ಕುಡಿದರೆ ನೀಲಿಯಾಗುತ್ತದೆ. ನೀಲಿ ಕಂಡ ದಿನ ಆಲ್ಕೋಹಾಲ್ ಬದಲು. ಪಕ್ಕದ ಕ್ಸೈಲೀನ್ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗಿದ್ದರೆ ನೀರು ಅಲ್ಲಿಗೂ ಹೋಗಿದೆ, ನೀವು ಆಗಲೇ ತಡ ಮಾಡಿದ್ದೀರಿ.

ಇನ್ನೊಂದು ಮರೆತಿದ್ದೆ, ಶುರುವಾಗುವ ಹೊತ್ತನ್ನು ಮುಂದಕ್ಕೆ ಹಾಕುವ ಸೌಕರ್ಯ. ಶನಿವಾರ ಮಧ್ಯಾಹ್ನ ಕ್ಯಾಸೆಟ್ ಹಾಕಿ, ಭಾನುವಾರ ಸಂಜೆ ಆರಕ್ಕೆ ಹೊರಡು ಅಂತ ಹೇಳಿಬಿಟ್ಟರೆ ಅಲ್ಲಿಯವರೆಗೆ ಬಾಸ್ಕೆಟ್ ಫಾರ್ಮಾಲಿನ್‌ನಲ್ಲೇ ಕಾಯುತ್ತದೆ. ಸ್ತನದ ಸ್ಯಾಂಪಲ್‌ಗೆ ಹಾರ್ಮೋನ್ ಪರೀಕ್ಷೆ ಆಗಬೇಕಾದರೆ ಫಾರ್ಮಾಲಿನ್‌ನಲ್ಲಿ 6 ತಾಸಿಗಿಂತ ಕಡಿಮೆ ಇರಬಾರದು, 72 ದಾಟಬಾರದು. ಶನಿವಾರದ್ದು ಭಾನುವಾರ ಹೊರಟರೆ ಒಳಗೇ ಬರುತ್ತದೆ. ಇದಿಲ್ಲದೆ ಇಷ್ಟು ದಿನ ಭಾನುವಾರ ಬೆಳಿಗ್ಗೆ ಸಂತೆಗೆ ಹೋಗುವ ಚೀಲ ಹಿಡಿದುಕೊಂಡೇ ಲ್ಯಾಬ್‌ಗೆ ಬರುತ್ತಿದ್ದೆ.

ಮೆಷಿನ್ ಕೂರಿಸಿದ ದಿನ ಪೇಷಂಟ್ ಸ್ಯಾಂಪಲ್ ಒಂದನ್ನೂ ಹಾಕಲಿಲ್ಲ. ಮಟನ್ ಅಂಗಡಿಗೆ ಹೋಗಿ ಆಡಿನ ಲಿವರ್, ಕಿಡ್ನಿ, ಒಂದು ಗೇಣು ಕರುಳು, ಒಂದಿಷ್ಟು ಕೊಬ್ಬು ತಂದೆ. ಅಂಗಡಿಯವನು ಅಡುಗೆ ಹೇಗೆ ಮಾಡುತ್ತೀರಿ ಅಂತ ಕೇಳಿದ, ಮೇಣದಲ್ಲಿ ಅಂದೆ. ಒಂದು ದಿನ ಫಾರ್ಮಾಲಿನ್‌ನಲ್ಲಿ ಇಟ್ಟು, ಮರುದಿನ ಸಂಜೆ ಆರಕ್ಕೆ ಇಪ್ಪತ್ತು ಕ್ಯಾಸೆಟ್ ಹಾಕಿ ಮನೆಗೆ ಹೋದೆ. ಒಂದೂವರೆಗೆ ಅಲಾರಂ. ಹೆಂಡತಿ ಎದ್ದು, "ಆ ಮೆಷಿನ್ನಿಗೆ ಹಾಲು ಕುಡಿಸಲಿಕ್ಕ ಹೊಂಟ್ರೇನು?" ಅಂದಳು. ಸ್ಕೂಟರ್ ತೆಗೆದುಕೊಂಡು ಹೋದೆ. ಸ್ಟೇಷನ್ ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ವಾಚ್‌ಮನ್ ಕಾಕಾ ಗಾಬರಿಯಾಗಿ ಗೇಟ್ ತೆಗೆದರು.

ಎರಡಾಗಲು ಒಂದು ನಿಮಿಷ ಇರುವಾಗ ಯುಪಿಎಸ್ ಸ್ವಿಚ್ ಮೇಲೆ ಕೈ ಇಟ್ಟು ನಿಂತೆ. ಮುಚ್ಚಳ ಎದ್ದಿತು, ಬಾಸ್ಕೆಟ್ ಆಲ್ಕೋಹಾಲ್ ಸೋರಿಸುತ್ತಾ ಮೇಲೆ ಬಂತು, ಒತ್ತಿದೆ. ಕತ್ತಲು. ಟಾರ್ಚ್ ಹಿಡಿದು ಕಾಕಾನೂ ನಾನೂ ನೋಡುತ್ತಿದ್ದೆವು. ಗುಂಯ್. ಇಳಿಯಿತು.

"ಇಷ್ಟ ನೋಡಲಿಕ್ಕ ಬಂದ್ರೇನ್ರಿ ಸಾಹೇಬ್ರ?" ಅಂದರು ಕಾಕಾ.

ಬೆಳಿಗ್ಗೆ ಚೂರುಗಳನ್ನು ಮೇಣದ ಬ್ಲಾಕ್ ಮಾಡಿ ಕತ್ತರಿಸಿದೆ. ಲಿವರ್, ಕಿಡ್ನಿ ರಿಬ್ಬನ್ ಎಳೆ ಎಳೆಯಾಗಿ ಬಂತು, ಕರುಳೂ ಪರವಾಗಿಲ್ಲ. ಕೊಬ್ಬಿನ ಬ್ಲಾಕ್ ಮಾತ್ರ ನಡುವೆ ಮೆತ್ತಗಾಗಿ ತೂತು ಬಿತ್ತು. ಕ್ಸೈಲೀನ್‌ಗೆ ಅರ್ಧ ತಾಸು ಜಾಸ್ತಿ ಕೊಟ್ಟು ನೋಡುತ್ತಿದ್ದೇನೆ, ಸಂಜೆಯ ಶುರು ಐದೂವರೆಗೆ ಬಂದಿದೆ, ಗ್ರಾಸಿಂಗ್ (ಸ್ಯಾಂಪಲ್ ಕೊಯ್ದು ಕ್ಯಾಸೆಟ್‌ಗೆ ಹಾಕುವುದು) ಅಷ್ಟರಲ್ಲಿ ಮುಗಿಸಿ ಅಂತ ಮೇಡಂಗೆ ಇನ್ನೂ ಗಟ್ಟಿಯಾಗಿ ಹೇಳಿಲ್ಲ.